ಸರ್ಟಿಫಿಕೇಟಿನಲ್ಲಿರುವ ಆ 30, ನಿಮಿಷ ಅಲ್ಲ

ಓದುಗರ ಪ್ರಶ್ನೆ: ನಾವು ಮೂಲತಃ ಕಾರ್ಕಳದವರು. ಡೊಂಬಿವಲಿ ಪೂರ್ವದಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತೇವೆ. ಮನೆ ಅಲ್ಲೇ ಹತ್ತಿರ, ಎರಡನೇ ಮಹಡಿಯಲ್ಲಿ. ಅಮ್ಮನ, ಹೆಂಡತಿಯ ಬಂಗಾರ ಇಷ್ಟು ದಿನ ಬೀರುವಿನ ಲಾಕರಿನಲ್ಲೇ ಇತ್ತು. ಪಕ್ಕದ ಬಿಲ್ಡಿಂಗಿನಲ್ಲಿ ಕಳ್ಳತನವಾದ ಮೇಲೆ ಒಂದು ತಿಜೋರಿ ತರುವ ಅಂದುಕೊಂಡೆವು. ಡೀಲರೊಬ್ಬ 140 ಕೆಜಿಯ ತಿಜೋರಿ ತೋರಿಸಿ ‘ಫೈರ್ ಪ್ರೂಫ್, ಬರ್ಗ್ಲರ್ ಪ್ರೂಫ್, 30 ನಿಮಿಷ ಸರ್ಟಿಫೈಡ್’ ಎಂದ. ಕೊಟೇಶನ್ ಮತ್ತು ಸರ್ಟಿಫಿಕೇಟಿನ ಫೋಟೊ ಕಳಿಸಿದ್ದೇನೆ. ಅರ್ಧ ಗಂಟೆಯಲ್ಲಿ ಒಡೆಯಬಹುದಾದ ಪೆಟ್ಟಿಗೆಗೆ 60 ಸಾವಿರ ಯಾಕೆ ಕೊಡಬೇಕು? ಜವೇರಿ ಬಜಾರಿನಲ್ಲಿ ಮುಚ್ಚುತ್ತಿರುವ ಪೇಢಿಯೊಂದರ (ವ್ಯಾಪಾರದ ಅಂಗಡಿ) ಹಳೇ ತಿಜೋರಿ, 500 ಕೆಜಿಗೂ ಮೇಲಿನದು, ಅರ್ಧ ಬೆಲೆಗೆ ಸಿಗುತ್ತದೆ ಎಂದು ನನ್ನ ಭಾವ ಹೇಳುತ್ತಾರೆ. ಆನ್‌ಲೈನಿನಲ್ಲಿ ಬರುವ 8 ಸಾವಿರದ ಡಿಜಿಟಲ್ ಸೇಫೇ ಸಾಕು ಅನ್ನುತ್ತಾನೆ ಮಗ. ವರ್ಷಕ್ಕೆ ಎರಡು ಸಲ ಹತ್ತು-ಹನ್ನೆರಡು ದಿನ ಮನೆಗೆ ಬೀಗ ಹಾಕಿ ಊರಿಗೆ ಹೋಗುತ್ತೇವೆ. ಶನಿವಾರ, ಭಾನುವಾರದ ಹೋಟೆಲಿನ ಕ್ಯಾಶೂ ಮನೆಗೇ ಬರುತ್ತದೆ. ಯಾವುದು ಸರಿ?

ಉತ್ತರ: ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ‘30 ನಿಮಿಷ’ ಎಂದು ಎಲ್ಲೂ ಇಲ್ಲ. ‘ಗ್ರೇಡ್ 0, 30/30 ಆರ್‌ಯು’ ಎಂದಿದೆ. ಗೊಂದಲ ಇರುವುದು ಆ ‘ಆರ್‌ಯು’ವಿನಲ್ಲಿ. ಡೀಲರ್ ಬೇಕೆಂದೇ ಸುಳ್ಳು ಹೇಳಿದ ಅನ್ನಲಾರೆ. ಇಪ್ಪತ್ತು ವರ್ಷ ತಿಜೋರಿ ಮಾರಿದವರೂ ಇದನ್ನು ನಿಮಿಷ ಎಂದೇ ಓದುವುದನ್ನು ನೋಡಿದ್ದೇನೆ.

ಆರ್‌ಯು ಅಂದರೆ ರೆಸಿಸ್ಟೆನ್ಸ್ ಯೂನಿಟ್. ತಿಜೋರಿ ಎಷ್ಟು ತಡೆದುಕೊಂಡಿತು ಎಂಬುದಕ್ಕೆ ಕೊಡುವ ಅಂಕ. ಇದು ಯುರೋಪಿನ ಇಎನ್ 1143-1 ಎಂಬ ಮಾನದಂಡದ ಲೆಕ್ಕ. ಅಲ್ಲಿ ಗ್ರೇಡ್ 0ಗೆ 30/30, ಗ್ರೇಡ್ 1ಕ್ಕೆ 30/50, ಗ್ರೇಡ್ 2ಕ್ಕೆ 50/80, ಗ್ರೇಡ್ 3ಕ್ಕೆ 80/120 ಅಂಕ ಬೇಕು. ಹೀಗೇ ಮೇಲೆ ಹೋಗುತ್ತದೆ. ಮೊದಲ ಅಂಕಿ, ಕೈ ತೂರಿಸುವಷ್ಟು ತೂತು ಮಾಡುವುದಕ್ಕೆ. ಎರಡನೆಯದು, ಬಾಗಿಲು ತೆರೆಯುವುದಕ್ಕೆ ಅಥವಾ ಒಳಗಿದ್ದುದನ್ನೆಲ್ಲ ಬಾಚಿಕೊಳ್ಳುವಷ್ಟು ದೊಡ್ಡ ಕಿಂಡಿ ಕೊರೆಯುವುದಕ್ಕೆ.

ಅಂಕ ಬರುವ ರೀತಿ ಸ್ವಲ್ಪ ನಮ್ಮ ರಿಕ್ಷಾ ಮೀಟರಿನ ಹಾಗೆ. ಒಂದೊಂದು ಉಪಕರಣಕ್ಕೂ ನಿಮಿಷಕ್ಕೆ ಇಷ್ಟು ಎಂಬ ದರ ಇದೆ. ಸುತ್ತಿಗೆ, ಹಾರೆಗೆ ಕಡಿಮೆ. ಗ್ರೈಂಡರ್, ಗ್ಯಾಸ್ ಕಟ್ಟರಿಗೆ ಜಾಸ್ತಿ. ದೊಡ್ಡ ಉಪಕರಣ ಕೈಗೆತ್ತಿಕೊಂಡರೆ ಅದಕ್ಕೆ ಬೇರೆ ಅಂಕವೂ ಸೇರುತ್ತದೆ, ಮೀಟರ್ ಹಾಕಿದ ಕೂಡಲೇ ಬೀಳುವ ಮಿನಿಮಮ್ಮಿನ ಹಾಗೆ. ಕಳ್ಳ ಅದನ್ನು ಹೊತ್ತು ತರಬೇಕಲ್ಲ, ಆ ಕಷ್ಟದ ಲೆಕ್ಕ ಅದು. ಇದೆಲ್ಲ ಸೇರಿ 30 ಆಗಬೇಕು. ಹಾಗಾಗಿ 30 ಆರ್‌ಯು ಅಂದರೆ ನಿಜವಾದ ಕೆಲಸದ ಸಮಯ ಬೆರಳೆಣಿಕೆಯ ನಿಮಿಷಗಳು ಮಾತ್ರ.

ಈಗ ನಿಮ್ಮ ಚಿಂತೆ ಇನ್ನೂ ಜಾಸ್ತಿ ಆಗಿರಬೇಕು. ಅರ್ಧ ಗಂಟೆಯೂ ಇಲ್ವಾ ಅಂತ. ಸ್ವಲ್ಪ ತಾಳಿ. ಅದು ಎಂಥ ನಿಮಿಷ ಅಂತಲೂ ನೋಡಬೇಕು.

ನಾನು 20 ವರ್ಷ ತಿಜೋರಿ ತಯಾರಿಕೆಯಲ್ಲೇ ಇದ್ದವನು, ಅದರಲ್ಲಿ ಹೆಚ್ಚಿನ ಕಾಲ ಟೆಸ್ಟಿಂಗಿನಲ್ಲಿ. ನಾವು ಕಟ್ಟಿದ್ದನ್ನು ನಾವೇ ಒಡೆಯುವ ಕೆಲಸ. ಒಡೆಯುವವರ ಕೈಗೆ ತಿಜೋರಿಯ ಪೂರ್ತಿ ಡ್ರಾಯಿಂಗ್ ಮೊದಲೇ ಕೊಡುತ್ತಾರೆ. ಪ್ಲೇಟ್ ಎಲ್ಲಿ ತೆಳು, ಬೋಲ್ಟ್ ಎಲ್ಲಿಗೆ ಬರುತ್ತದೆ, ಲಾಕಿನ ಹಿಂದೆ ಏನಿದೆ, ಎಲ್ಲ ಗೊತ್ತು. ಅವರು ಕೂತು ಚರ್ಚಿಸಿ ಅತಿ ದುರ್ಬಲ ಜಾಗವನ್ನೇ ಆರಿಸುತ್ತಾರೆ. ಬೆಳಕು ಚೆನ್ನಾಗಿದೆ, ಬಿಟ್‌ಗಳು ಹೊಸವು, ಶಬ್ದವಾದೀತೆಂಬ ಭಯ ಇಲ್ಲ, ಓಡುವ ಗಡಿಬಿಡಿ ಇಲ್ಲ. ಪಕ್ಕದಲ್ಲಿ ಒಬ್ಬರು ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾರೆ. ಉಪಕರಣ ತಿಜೋರಿಯ ಮೇಲೆ ಕೆಲಸ ಮಾಡುತ್ತಿದ್ದರೆ ಮಾತ್ರ ಗಡಿಯಾರ ಓಡುತ್ತದೆ. ಬಿಟ್ ಬದಲಿಸಲು ನಿಂತರೆ ಗಡಿಯಾರವೂ ನಿಲ್ಲುತ್ತದೆ. ಬೆವರು ಒರೆಸಿಕೊಂಡರೂ ನಿಲ್ಲುತ್ತದೆ.

ಒಂದು ಟೆಸ್ಟು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆಳಿಗ್ಗೆ ಒಂಬತ್ತೂವರೆಗೆ ಶುರು ಮಾಡಿದೆವು. ಮೂರನೇ ಬಿಟ್ ಕಾದು ನೀಲಿಯಾಗಿ ಹಾರ್ಡ್ ಪ್ಲೇಟಿನ ಮೇಲೆ ಸುಮ್ನೆ ಕಿರುಚುತ್ತಿತ್ತು. ಒಂದು ಕಾಳಿನಷ್ಟೂ ಒಳಗೆ ಇಳಿಯಲಿಲ್ಲ. ಕೊನೆಗೆ ಗ್ಯಾಸ್ ಹಚ್ಚಿದೆವು. ಒಳಗಿನ ಕಾಂಕ್ರೀಟು ಸಿಡಿದು ಹೊಗೆ ತುಂಬಿತು. ಎಲ್ಲರೂ ಹೊರಗೆ ಬಂದು ಚಹಾ ಕುಡಿದು, ಹೊಗೆ ಹೋದ ಮೇಲೆ ಮತ್ತೆ ಒಳಗೆ ಹೋದೆವು. ಬಾಗಿಲು ತೆರೆದಾಗ ಊಟದ ಹೊತ್ತು ದಾಟಿತ್ತು. ಸ್ಟಾಪ್‌ವಾಚ್ ನೋಡಿದರೆ 11 ನಿಮಿಷ! ರಿಪೋರ್ಟಿನಲ್ಲಿ ಬರೆದದ್ದು ಆ 11 ನಿಮಿಷವನ್ನೇ.

ಅಮೆರಿಕದ ಪದ್ಧತಿಯಲ್ಲಿ ಅಂಕ ಇಲ್ಲ, ನೇರವಾಗಿ ನಿಮಿಷವೇ ಇದೆ. 1894ರಲ್ಲಿ ಶಿಕಾಗೋದಲ್ಲಿ ಶುರುವಾದ ಯುಎಲ್ ಎಂಬ ಸಂಸ್ಥೆ ಟಿಎಲ್-15, ಟಿಎಲ್-30 ಎಂದು ಗುರುತು ಕೊಡುತ್ತದೆ. ಆ 15, 30 ಎರಡೂ ಹೀಗೆ ನಿಲ್ಲಿಸಿ ನಿಲ್ಲಿಸಿ ಎಣಿಸಿದ ನಿಮಿಷಗಳೇ. ಇಲ್ಲೊಂದು ಸೂಕ್ಷ್ಮ ಇದೆ. ಬರೀ ಟಿಎಲ್-15 ಅಂದರೆ ಪರೀಕ್ಷೆ ಬಾಗಿಲಿಗೆ ಮತ್ತು ಮುಂಭಾಗಕ್ಕೆ ಮಾತ್ರ. ಆರೂ ಕಡೆ ಒಡೆಯಲು ನೋಡಿದ್ದರೆ ಗುರುತಿನ ಕೊನೆಗೆ ‘ಎಕ್ಸ್ 6’ ಎಂದು ಸೇರಿರುತ್ತದೆ. ಕಳ್ಳ ಬಾಗಿಲಿನಿಂದಲೇ ಬರಬೇಕು ಅಂತ ಏನೂ ಇಲ್ಲವಲ್ಲ. 2017ರ ನವೆಂಬರಿನಲ್ಲಿ ನವಿ ಮುಂಬಯಿಯ ಜೂಯಿನಗರದಲ್ಲಿ ಆದದ್ದು ನೆನಪಿರಬಹುದು. ಹತ್ತಿರದ ಅಂಗಡಿ ಬಾಡಿಗೆಗೆ ಹಿಡಿದು, ಸುರಂಗ ತೋಡಿ, ಬ್ಯಾಂಕಿನ ಲಾಕರ್ ಕೋಣೆಗೆ ನೆಲದಿಂದ ಮೇಲೆ ಬಂದರು.

‘ಪ್ರೂಫ್’ ಎಂಬ ಮಾತನ್ನು ಯಾವ ಲ್ಯಾಬೂ ಬರೆದುಕೊಡುವುದಿಲ್ಲ. ಅದು ಶೋರೂಮಿನ ಮಾತು. ಲ್ಯಾಬು ಹೇಳುವುದು ಇಷ್ಟೇ: ಇಂಥ ಉಪಕರಣ ಇಟ್ಟುಕೊಂಡ, ಕೆಲಸ ಗೊತ್ತಿರುವ ಜನ ಇಷ್ಟಾದರೂ ಹೆಣಗಬೇಕಾಯಿತು.

ನಿಮ್ಮ ಸರ್ಟಿಫಿಕೇಟಿನಲ್ಲಿ ನನಗೆ ಕಂಡ ದೊಡ್ಡ ತೊಂದರೆಯೇ ಬೇರೆ. ಅದರಲ್ಲಿರುವ ಮಾಡೆಲ್ ನಂಬರಿಗೂ ಕೊಟೇಶನ್ನಿನಲ್ಲಿರುವ ನಂಬರಿಗೂ ಕೊನೆಯ ಎರಡು ಅಕ್ಷರ ಹೊಂದುವುದಿಲ್ಲ. ಟೈಪ್ ಮಾಡುವಾಗ ಆದ ತಪ್ಪೂ ಇರಬಹುದು. ಆದರೆ ಕಂಪನಿಯ ಒಂದು ಮಾಡೆಲ್ ಪರೀಕ್ಷೆಯಾಗಿದ್ದರೆ ಅದೇ ಕಾಗದ ತೋರಿಸಿ ಎಲ್ಲ ಮಾಡೆಲ್‌ಗಳನ್ನೂ ಮಾರುವುದು ಹೊಸದೇನಲ್ಲ. ಕಾಗದ ಬಿಡಿ, ತಿಜೋರಿಯನ್ನೇ ನೋಡಿ. ಬಾಗಿಲು ತೆರೆಸಿ. ಸರಿಯಾಗಿ ಸರ್ಟಿಫೈ ಆದ ತಿಜೋರಿಯ ಬಾಗಿಲಿನ ಒಳಮೈಯಲ್ಲಿ ಲೋಹದ ಸಣ್ಣ ಪಟ್ಟಿ ಇರುತ್ತದೆ. ತಯಾರಕರ ಹೆಸರು, ಮಾಡೆಲ್, ಗ್ರೇಡ್, ಸೀರಿಯಲ್ ನಂಬರ್, ಯಾರು ಸರ್ಟಿಫೈ ಮಾಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಕಲೋನ್ ನಗರದ ವಿಡಿಎಸ್, ಇಸಿಬಿ-ಎಸ್, ಯುಎಲ್, ಇಂಥ ಹೆಸರುಗಳು.

ನಮ್ಮಲ್ಲೂ ತಿಜೋರಿಗೆ ಐಎಸ್ 550 ಎಂಬ ಮಾನದಂಡ ಇದೆ. ಅದರ ಪ್ರಕಾರ ಆಗಿದ್ದರೆ ಐಎಸ್‌ಐ ಗುರುತು, ಅದರ ಮೇಲೆ ಐಎಸ್ ನಂಬರ್, ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು, ಈ ಗುರುತು ಕೊಡುವ ಸರಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸ್ ಯಾರದು, ಚಾಲ್ತಿಯಲ್ಲಿದೆಯೇ ಅಂತ ಅಲ್ಲೇ ಗೊತ್ತಾಗುತ್ತದೆ. ಶೋರೂಮಿನಲ್ಲಿ ನಿಂತುಕೊಂಡೇ ನೋಡಿ. ಯಾವ ದರ್ಜೆ ಅಂತಲೂ ಕೇಳಿ.

ಫ್ರೇಮ್ ಹಾಕಿ ಗೋಡೆಗೆ ತೂಗಿಸಿರುವ ಐಎಸ್‌ಒ 9001 ನೋಡಿ ಮಾರುಹೋಗಬೇಡಿ. ಅದು ಕಾರ್ಖಾನೆಯ ಆಡಳಿತ ಪದ್ಧತಿಗೆ ಸಿಗುವ ಸರ್ಟಿಫಿಕೇಟು. ತಿಜೋರಿಗೆ ಯಾರೂ ಒಂದು ಸುತ್ತಿಗೆ ಏಟು ಹಾಕದೆಯೂ ಅದನ್ನು ಪಡೆಯಬಹುದು. ಯುರೋಪಿನ ಸಿಇ ಗುರುತೂ ಕಳ್ಳತನದ ಪರೀಕ್ಷೆಯದ್ದಲ್ಲ.

‘ಫೈರ್ ಪ್ರೂಫ್’ ಬಗ್ಗೆ. ಬೆಂಕಿಯ ಪರೀಕ್ಷೆ ಬೇರೆ, ಕಳ್ಳತನದ ಪರೀಕ್ಷೆ ಬೇರೆ. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲೂ ಪಾಸಾಗಬೇಕೆಂದಿಲ್ಲ. ಕಾಗದ ಉಳಿಸುವ ತಿಜೋರಿಯನ್ನು ಯುಎಲ್ ಕುಲುಮೆಯಲ್ಲಿಟ್ಟು ಸುಡುತ್ತದೆ. ಹೊರಗೆ ಎಷ್ಟೇ ಬಿಸಿಯಾದರೂ ಒಳಗೆ 177 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಅದಕ್ಕಾಗಿ ಎರಡು ತೆಳು ತಗಡಿನ ನಡುವೆ ನೀರಿನಂಶ ಹಿಡಿದಿಡುವ ಹಗುರ ಮಸಾಲೆ ತುಂಬುತ್ತಾರೆ. ಬಿಸಿಯಾದಾಗ ಆ ನೀರು ಆವಿಯಾಗಿ ಶಾಖ ಹೀರುತ್ತದೆ. ಬೆಂಕಿಗೆ ಇದು ಬಹಳ ಒಳ್ಳೆಯದು. ಆದರೆ ಹಾರೆಗೆ ಅದು ಇಡ್ಲಿ ಇದ್ದ ಹಾಗೆ. ನಿಮ್ಮ 140 ಕೆಜಿಯಲ್ಲಿ ಎಷ್ಟು ಈ ಮಸಾಲೆಯದು, ಎಷ್ಟು ಉಕ್ಕಿನದು ಅಂತ ಕೇಳಿ. ತೂಕ ನೋಡಿ ಗಟ್ಟಿ ಅಂದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಇನ್ನೊಂದು ವಿಷಯ: ಇಂಥ ತಿಜೋರಿಯ ಒಳಗೆ ಸದಾ ಸ್ವಲ್ಪ ತೇವ ಇರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಕೇಳುವುದೇ ಬೇಡ. ಊರಿನ ಜಾಗದ ಕಾಗದಪತ್ರ, ಮುತ್ತಿನ ಸರ, ವಾಚು ಇಡುವುದಾದರೆ ಸಿಲಿಕಾ ಜೆಲ್ ಹಾಕಿ, ಆಗಾಗ ಬಾಗಿಲು ತೆರೆದಿಡಿ.

ಇನ್ನು ಭಾವನವರ ತಿಜೋರಿ. ಅವರ ಅಭಿಪ್ರಾಯವನ್ನು ತೆಗೆದುಹಾಕುವಂತಿಲ್ಲ. ಈ ಊರು ತಿಜೋರಿಯ ಊರು. ಅರ್ದೇಶಿರ್ ಗೋದ್ರೇಜ್ ಲಾಲ್‌ಬಾಗಿನಲ್ಲಿ 1897ರಲ್ಲಿ ಬೀಗ ಮಾಡಲು ಶುರು ಮಾಡಿ, 1902ರ ಹೊತ್ತಿಗೆ ತಿಜೋರಿಗೆ ಕೈಹಾಕಿದರು. ನಾವು ಯಾವ ಕಂಪನಿಯ ಕಬ್ಬಿಣದ ಕಪಾಟಿಗೂ ‘ಗೋದ್ರೇಜ್ ಬೀರು’ ಅನ್ನುವುದು ಅಲ್ಲಿಂದಲೇ ಬಂದದ್ದು. ಹಳೇ ಪೇಢಿಗಳ ತಿಜೋರಿ ನಿಜಕ್ಕೂ ಭಾರಿ ಕೆಲಸದವು. ಬಾಗಿಲು ತಳ್ಳಿದರೆ ಬರುವ ಆ ‘ಧಡ್’ ಸದ್ದು ಕೇಳಿಯೇ ಜನ ದುಡ್ಡು ಕೊಡುತ್ತಾರೆ. ಸದ್ದಿಗೆ ಮರುಳಾಗುವ ಮೊದಲು ಒಂದು ಕೆಲಸ ಮಾಡಿ. ಬಾಗಿಲನ್ನು ಪೂರ್ತಿ ತೆರೆದು ಪಕ್ಕದಿಂದ ನೋಡಿ. ಏಳೆಂಟು ಇಂಚು ದಪ್ಪ ಕಾಣುತ್ತದೆ. ಅದರಲ್ಲಿ ಹೆಚ್ಚಿನದು ಬೋಲ್ಟುಗಳು ಓಡಾಡುವ ಖಾಲಿ ಡಬ್ಬ. ನಿಜವಾದ ಪ್ಲೇಟು ಮುಂದಿನ ಭಾಗದಲ್ಲಿ ಮಾತ್ರ. ಆಮೇಲೆ ಹಿಂಬದಿಯ ಗೋಡೆಗೆ ಬೆರಳಿನಿಂದ ತಟ್ಟಿ ನೋಡಿ. ಬಾಗಿಲಿಗೂ ಅದಕ್ಕೂ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಆ ತಿಜೋರಿ ಕಟ್ಟಿದ ಕಾಲದಲ್ಲಿ ಬ್ಯಾಟರಿಯಿಂದ ಓಡುವ ಗ್ರೈಂಡರ್ ಇರಲಿಲ್ಲ. ಈಗ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಸಿಗುತ್ತದೆ. ಅಂದಿನ ಉಪಕರಣಕ್ಕೆ ಕಟ್ಟಿದ್ದು ಇಂದಿನದಕ್ಕೆ ಹೇಗೆ ನಿಲ್ಲುತ್ತದೆ ಅಂತ ಯಾರೂ ಪರೀಕ್ಷೆ ಮಾಡಿಲ್ಲ. ಅದರ ಕೀಲಿಕೈಯ ಜೋಡಿ ಎಷ್ಟು ಜನ ಮುನೀಮರ ಕೈ ದಾಟಿದೆಯೋ, ಅದೂ ಗೊತ್ತಿಲ್ಲ. ಕೊಂಡರೆ ಲಾಕನ್ನೇ ಬದಲಿಸಬೇಕು.

ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಎರಡನೇ ಮಹಡಿ. ಮನೆಯ ಸ್ಲ್ಯಾಬಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕೆಜಿ. 500 ಕೆಜಿಯ ಪೆಟ್ಟಿಗೆ ಅರ್ಧ ಚದರ ಮೀಟರಿನಲ್ಲಿ ಕೂತರೆ? ಕೂಡಲೇ ಕುಸಿಯುತ್ತದೆ ಅಂತಲ್ಲ. ಆದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸದೆ ಇಡಬಾರದು, ಹಳೇ ಬಿಲ್ಡಿಂಗಾದರಂತೂ ಖಂಡಿತ ಬೇಡ. ಲಿಫ್ಟಿನೊಳಗೆ ಹಾಕಿರುವ ಫಲಕವನ್ನೂ ಓದಿ. 6 ಜನರ ಲಿಫ್ಟಿಗೆ 408 ಕೆಜಿ ಮಿತಿ. ಹಮಾಲರು ‘ಹೋ ಜಾಯೇಗಾ ಸೇಠ್’ ಅನ್ನುತ್ತಾರೆ. ಕೇಬಲ್ಲಿಗೆ ಹಿಂದಿ ಬರುವುದಿಲ್ಲ.

ಮಗ ಹೇಳುವ 8 ಸಾವಿರದ ಡಬ್ಬಿಗೆ ಇಷ್ಟು ಮಾತು ಬೇಡ. ಅದು ಮನೆಯ ಮಕ್ಕಳಿಗೆ, ಕೆಲಸಕ್ಕೆ ಬರುವವರ ಕುತೂಹಲಕ್ಕೆ ತಡೆ. ಹೋಟೆಲ್ ರೂಮಿನಲ್ಲಿ ಪಾಸ್‌ಪೋರ್ಟ್ ಇಡಲು ಸರಿ. ಹದಿನೈದು ಕೆಜಿಯ ಪೆಟ್ಟಿಗೆಯನ್ನು ಒಡೆಯುವ ಗೋಜೇ ಬೇಡ, ಚೀಲಕ್ಕೆ ಹಾಕಿಕೊಂಡು ನಡೆದರಾಯಿತು. ಈಗಾಗಲೇ ತಂದಿದ್ದರೆ ಕಾರ್ಖಾನೆಯಿಂದ ಬಂದ ಕೋಡನ್ನು ಇವತ್ತೇ ಬದಲಿಸಿ. ಮಾಸ್ಟರ್ ಕೋಡ್ ಬೇರೆ ಇದ್ದರೆ ಅದನ್ನೂ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ತಡೆದ ಸಾಲಿಗೆ ಬರುತ್ತೇನೆ. ‘ಹತ್ತು-ಹನ್ನೆರಡು ದಿನ ಮನೆಗೆ ಬೀಗ.’ ತಿಜೋರಿಯ ಗ್ರೇಡು ಕಳ್ಳನಿಗೆ ಹಿಡಿಯುವ ಹೊತ್ತನ್ನು ಹೇಳುತ್ತದೆ. ಅವನಿಗೆ ಸಿಗುವ ಹೊತ್ತು ನಿಮ್ಮ ಕೈಯಲ್ಲಿದೆ. ಮನೆಯಲ್ಲಿ ಜನ ಇದ್ದಾಗ, ಪಕ್ಕದ ಮನೆಯವರು ಎಚ್ಚರ ಇದ್ದಾಗ, ಹತ್ತು ನಿಮಿಷದ ಗ್ರೈಂಡರ್ ಸದ್ದೂ ಅವನಿಗೆ ಅಪಾಯವೇ. ನೀವು ಊರಿನಲ್ಲಿ ಕೋಲ ನೋಡುತ್ತಿರುವಾಗ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಅವನಿಗೆ ಒಂದು ವಾರ ಸಿಕ್ಕರೆ ಗ್ರೇಡ್ 3 ಕೂಡ ಸಾಲದು. ಗಣಪತಿ ಹಬ್ಬದಲ್ಲಿ ಕೆಳಗೆ ಡೋಲು ಬಾರಿಸುವಾಗ ಮೇಲೆ ಯಾರು ಏನು ಕೊರೆದರೂ ಕೇಳುವುದಿಲ್ಲ. ಹಾಗಾಗಿ 60 ಸಾವಿರವನ್ನು ಪೂರ್ತಿ ಉಕ್ಕಿಗೇ ಹಾಕಬೇಡಿ. ಅದರಲ್ಲಿ ಒಂದು ಪಾಲು ಅಲಾರ್ಮಿಗೆ ಇಡಿ. ಬಾಗಿಲು ತೆರೆದರೆ, ತಿಜೋರಿ ಅಲುಗಿದರೆ ನಿಮ್ಮ ಫೋನಿಗೂ, ಅಲ್ಲೇ ಹತ್ತಿರ ಇರುವ ಹೋಟೆಲಿನ ಮ್ಯಾನೇಜರ್ ಫೋನಿಗೂ ಸುದ್ದಿ ಹೋಗಬೇಕು. ಐದು ನಿಮಿಷದಲ್ಲಿ ಯಾರಾದರೂ ಬಂದು ಬಾಗಿಲು ಬಡಿಯುವ ಹಾಗಿದ್ದರೆ ಸಣ್ಣ ಗ್ರೇಡಿಗೂ ಅರ್ಥ ಬರುತ್ತದೆ.

ತಿಜೋರಿಯನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವುದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಟೈಲ್ಸ್ ಹಾಳಾಗುತ್ತದೆ ಅಂತ. ಯುರೋಪಿನ ಮಾನದಂಡದಲ್ಲಿ 1000 ಕೆಜಿಗಿಂತ ಹಗುರವಾದ ಬಿಡಿ ತಿಜೋರಿಗೆ ಬೋಲ್ಟಿನ ತೂತು ಇರಲೇಬೇಕು. 140 ಕೆಜಿ ಅಂದರೆ ಮೂರು ಜನ ಮತ್ತು ಒಂದು ಟ್ರಾಲಿ. ಅಡ್ಡ ಮಲಗಿಸಿದರೆ ಹಾರೆ ಹಾಕುವುದೂ ಸುಲಭ. ಬೋಲ್ಟ್ ಟೈಲ್ಸಿಗಲ್ಲ, ಕೆಳಗಿನ ಆರ್‌ಸಿಸಿ ಸ್ಲ್ಯಾಬಿಗೆ ಹೋಗಬೇಕು. ಬಾತ್‌ರೂಮಿನ ಪಕ್ಕದ ಮೂಲೆ ಬೇಡ, ವಾಟರ್‌ಪ್ರೂಫಿಂಗ್ ಕಡಿದು ಕೆಳಗಿನ ಮನೆಗೆ ಸೋರಿದರೆ ಸೊಸೈಟಿ ಮೀಟಿಂಗಿನಲ್ಲಿ ನಿಮ್ಮದೇ ಚರ್ಚೆ. ಕಂಪನಿಯವರು ಬಿಟ್ಟ ತೂತಿನಲ್ಲೇ ಬೋಲ್ಟ್ ಹಾಕಿಸಿ. ವಯರ್ ಎಳೆಯಲು ಅಂತ ನೀವೇ ಬೇರೆ ತೂತು ಕೊರೆಸಿದರೆ ಅದು ಪರೀಕ್ಷೆಯಾದ ತಿಜೋರಿಯಾಗಿ ಉಳಿಯುವುದಿಲ್ಲ.

ಕೀಲಿಕೈ ವಿಷಯ. ನನ್ನನ್ನು ಕರೆದು ತೋರಿಸಿದ ಕಳವುಗಳಲ್ಲಿ ಉಕ್ಕು ಕೊರೆದದ್ದಕ್ಕಿಂತ ಕೀಲಿ ಹಾಕಿ ತೆರೆದದ್ದನ್ನೇ ಜಾಸ್ತಿ ನೋಡಿದ್ದೇನೆ. ದೇವರ ಫೋಟೊದ ಹಿಂದೆ, ಅಕ್ಕಿ ಡಬ್ಬದಲ್ಲಿ, ಬೀರುವಿನಲ್ಲಿ ಮಡಚಿಟ್ಟ ರೇಷ್ಮೆ ಸೀರೆಯ ನಡುವೆ. ಈ ಮೂರು ಜಾಗ ನಮಗಿಂತ ಕಳ್ಳರಿಗೆ ಚೆನ್ನಾಗಿ ಗೊತ್ತು. ಇನ್ಶೂರೆನ್ಸಿಗೂ ಇದಕ್ಕೂ ನೇರ ಸಂಬಂಧ ಇದೆ. ಕಳವಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ತಿಜೋರಿಯನ್ನು ಅದರದೇ ಕೀಲಿಯಿಂದಲೋ ನಕಲಿ ಕೀಲಿಯಿಂದಲೋ ತೆರೆದಿದ್ದರೆ ಪರಿಹಾರ ಇಲ್ಲ, ಹೆದರಿಸಿ ಬಡಿದು ಕೀಲಿ ಕಿತ್ತುಕೊಂಡಿದ್ದರೆ ಮಾತ್ರ ಉಂಟು. ನಿಮ್ಮ ಪಾಲಿಸಿಯ ಆ ಪುಟ ಓದಿ. ಯಾವ ದರ್ಜೆಯ ತಿಜೋರಿಗೆ ಎಷ್ಟು ಮೊತ್ತದವರೆಗೆ ಒಪ್ಪುತ್ತಾರೆ ಅಂತ ಬರೆದು ಕೇಳಿ, ಉತ್ತರವನ್ನೂ ಬರೆದೇ ತರಿಸಿಕೊಳ್ಳಿ. ಕೊಳ್ಳುವ ಮೊದಲು.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಇಡುತ್ತಿರಲಿಲ್ಲ. ಅಮ್ಮನ ಒಡವೆ ಹೊರಗೆ ಬರುವುದು ಮದುವೆ-ಮುಂಜಿಗೆ. ಅದಕ್ಕೆ ಬ್ಯಾಂಕ್ ಲಾಕರ್. ವೇಟಿಂಗ್ ಲಿಸ್ಟ್ ಇದ್ದರೂ ಹೆಸರು ಬರೆಸಿ. 2022ರ ಜನವರಿಯಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಇದೆ. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ, ಇವುಗಳಿಂದ ನಷ್ಟವಾದರೆ ಬ್ಯಾಂಕು ವಾರ್ಷಿಕ ಬಾಡಿಗೆಯ 100 ಪಟ್ಟು ಕೊಡಬೇಕು. ಬಾಡಿಗೆ 3 ಸಾವಿರ ಇದ್ದರೆ 3 ಲಕ್ಷ. ಇವತ್ತಿನ ಬಂಗಾರದ ರೇಟಿಗೆ ಅದು ಎಷ್ಟು ಅಂತ ನಿಮಗೇ ಗೊತ್ತು. ಹಾಗಾಗಿ ಲಾಕರಿನ ಒಡವೆಗೂ ಬೇರೆ ಇನ್ಶೂರೆನ್ಸ್ ಒಳ್ಳೆಯದು. ಹೆಂಡತಿ ದಿನಾ ಹಾಕುವುದಕ್ಕೆ ಮನೆಯಲ್ಲಿ ಸಣ್ಣದಾದರೂ ನಿಜವಾಗಿ ಪರೀಕ್ಷೆಯಾದ ತಿಜೋರಿ, ಬೋಲ್ಟ್ ಹಾಕಿದ್ದು. ಊರಿಗೆ ಹೊರಡುವ ಮೊದಲು ಅದೂ ಖಾಲಿಯಾಗಲಿ.

ಹೋಟೆಲಿನ ಕ್ಯಾಶನ್ನು ರಾತ್ರಿ ಹನ್ನೊಂದಕ್ಕೆ ಚೀಲದಲ್ಲಿ ಹಿಡಿದು ಮನೆಗೆ ನಡೆದು ಬರುವುದನ್ನು ಮೊದಲು ನಿಲ್ಲಿಸಿ. ತಿಜೋರಿಗಿಂತ ನಿಮ್ಮ ತಲೆ ಮುಖ್ಯ. ಮೇಲಿನ ಕಿಂಡಿಯಿಂದ ದುಡ್ಡು ಹಾಕಬಹುದು, ತೆಗೆಯಲು ಕೀಲಿ ಬೇಕು, ಅಂಥ ಡಿಪಾಸಿಟ್ ಸೇಫ್ ಬರುತ್ತದೆ. ಗಲ್ಲಾದಲ್ಲಿ ಕೂರುವವನು ಗಂಟೆಗೊಮ್ಮೆ ಹಾಕಲಿ, ಕೀಲಿ ನಿಮ್ಮ ಹತ್ತಿರ ಇರಲಿ. ಗಲ್ಲಾದಲ್ಲೇ ರಾತ್ರಿ ಬಿಟ್ಟ ದುಡ್ಡಿಗೆ ಇನ್ಶೂರೆನ್ಸಿನವರು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ಹೋಟೆಲು ನೆಲಮಟ್ಟದಲ್ಲಿದ್ದರೆ ತೂಕದ ಚಿಂತೆ ಇಲ್ಲ, ನೀರಿನ ಚಿಂತೆ ಇದೆ. 2005ರ ಜುಲೈ 26ಕ್ಕೆ ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ನಿಮಗೂ ನೆನಪಿರಬೇಕು. ಕಾಂಕ್ರೀಟಿನ ಒಂದು ಕಟ್ಟೆ ಕಟ್ಟಿಸಿ, ಅದರ ಮೇಲಿಟ್ಟು, ಕಟ್ಟೆಯ ಮೂಲಕ ಕೆಳಗಿನವರೆಗೆ ಬೋಲ್ಟ್ ಹಾಕಿಸಿ.

ಆ 140 ಕೆಜಿಯ ತಿಜೋರಿ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಗ್ರೇಡ್ 0 ನಿಜವಾಗಿದ್ದರೆ ನಿಮ್ಮ ಮನೆಯ ಮಟ್ಟಿಗೆ ಅದು ಮೋಸವಲ್ಲ. ಅಡ್ವಾನ್ಸ್ ಕೊಡುವ ಮೊದಲು ಶೋರೂಮಿಗೆ ಇನ್ನೊಮ್ಮೆ ಹೋಗಿ ಬಾಗಿಲು ತೆರೆಸಿ. ಒಳಗಿನ ಪಟ್ಟಿಯ ಫೋಟೊ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಪಟ್ಟಿಯೇ ಇಲ್ಲದಿದ್ದರೆ ಫೋಟೊ ಕಳಿಸುವುದೂ ಬೇಡ.